ಬ್ಯಾಂಕಾಕ್‌ಗೆ ಬಂದಿದ್ದೀರಾ? ಮೊದಲು ಪಾಸ್‌ಪೋರ್ಟಿನ ಮೊಹರು ನೋಡಿಕೊಳ್ಳಿ

ಕೆಲಸದ ಮೇಲೆ ಬ್ಯಾಂಕಾಕ್‌ಗೆ ಬರುವ ನಮ್ಮವರು ಬಾಡಿಗೆ ಮನೆ, ಮಕ್ಕಳ ಶಾಲೆ, ತೊಗರಿಬೇಳೆ ಸಿಗುವ ಅಂಗಡಿ ಎಲ್ಲವನ್ನೂ ಮೊದಲ ವಾರದಲ್ಲೇ ವಿಚಾರಿಸಿಕೊಳ್ಳುತ್ತಾರೆ. ಇಮಿಗ್ರೇಷನ್ ಮಾತು ಬಂದರೆ ಮಾತ್ರ, "ಅದನ್ನೆಲ್ಲ ಕಂಪನಿಯವರು ನೋಡಿಕೊಳ್ತಾರೆ" ಅನ್ನುತ್ತಾರೆ. ನೋಡಿಕೊಳ್ಳುತ್ತಾರೆ, ನಿಜ. ಆದರೆ ದಿನ ಮೀರಿದರೆ ಕೌಂಟರಿನ ಮುಂದೆ ನಿಂತು ಉತ್ತರ ಕೊಡಬೇಕಾದವರು ನೀವೇ ಅಲ್ವಾ? ನಿಮ್ಮ ತಾರೀಖುಗಳನ್ನು ನೀವೇ ಬರೆದಿಟ್ಟುಕೊಳ್ಳಿ.

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವೀಸಾದ ಮೇಲಿರುವ ತಾರೀಖು ದೇಶದೊಳಗೆ ಬರಲು ಇರುವ ಗಡುವು. ಎಷ್ಟು ದಿನ ಇರಬಹುದು ಅನ್ನುವುದನ್ನು ವಿಮಾನ ನಿಲ್ದಾಣದಲ್ಲಿ ಒತ್ತುವ ಮೊಹರು ಹೇಳುತ್ತದೆ. ಕೆಲಸಕ್ಕೆ ಬಂದವರ ನಾನ್-ಇಮಿಗ್ರಂಟ್ ಬಿ ವೀಸಾಕ್ಕೆ ಸಾಮಾನ್ಯವಾಗಿ 90 ದಿನ ಕೊಡುತ್ತಾರೆ. ಆಮೇಲೆ ಟಿಎಂ 7 ಅರ್ಜಿ ಹಾಕಿ, 1,900 ಬಾತ್ ಕಟ್ಟಿ, ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು. ಗಡುವಿಗೆ 30 ದಿನ ಇರುವಾಗಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಕೊನೆಯ ವಾರದವರೆಗೆ ಕಾಯಬೇಡಿ. ಏಪ್ರಿಲ್‌ನಲ್ಲಿ ಗಡುವು ಇದ್ದರಂತೂ ಇನ್ನೂ ಬೇಗ ಹೋಗಿ, 13ರಿಂದ 15ರವರೆಗೆ ಥಾಯ್ ಹೊಸ ವರ್ಷದ ಹಬ್ಬ ಸೋಂಗ್‌ಕ್ರಾನ್ ರಜೆ.

90 ದಿನದ ವರದಿಯೇ ಬೇರೆ. ಒಂದೇ ಸಮನೆ 90 ದಿನ ಥಾಯ್ಲೆಂಡಿನಲ್ಲಿದ್ದರೆ, "ನಾನು ಈ ವಿಳಾಸದಲ್ಲಿದ್ದೇನೆ" ಎಂದು ಟಿಎಂ 47 ಅನ್ನುವ ಅರ್ಜಿ ನಮೂನೆಯಲ್ಲಿ ಇಮಿಗ್ರೇಷನ್‌ಗೆ ತಿಳಿಸಬೇಕು. ಅದಕ್ಕೆ ಶುಲ್ಕವಿಲ್ಲ. ಅದರಿಂದ ವೀಸಾ ಒಂದು ದಿನವೂ ಮುಂದೆ ಹೋಗುವುದಿಲ್ಲ. ವರದಿ ಕೊಟ್ಟಾಗ ಸಿಗುವ ಚೀಟಿಯನ್ನೇ ವೀಸಾ ವಿಸ್ತರಣೆ ಅಂದುಕೊಂಡು ಸುಮ್ನಿದ್ದುಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಲೆಕ್ಕ ಮೂರು ತಿಂಗಳಲ್ಲ, ಸರಿಯಾಗಿ 90 ದಿನ, ಬಂದಿಳಿದ ದಿನವೂ ಸೇರಿ. ಕಚೇರಿಗೆ ಹೋಗಿ ಕೊಡುವುದಾದರೆ ಆ ದಿನಕ್ಕೆ 15 ದಿನ ಮುಂಚಿನಿಂದ 7 ದಿನ ಆಮೇಲಿನವರೆಗೂ ನಡೆಯುತ್ತದೆ. ತಡವಾದರೆ 2,000 ಬಾತ್ ದಂಡ. ಆನ್‌ಲೈನಿನಲ್ಲಿ ಹಾಕುವವರು 15 ದಿನ ಇರುವಾಗಲೇ ಹಾಕಿಬಿಡಿ. ಅಲ್ಲಿ ಒಪ್ಪದಿದ್ದರೂ ಕಚೇರಿಗೆ ಹೋಗಲು ಸಮಯ ಉಳಿದಿರುತ್ತದೆ. ನಡುವೆ ಊರಿಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು.

ಊರಿಗೆ ಹೋಗುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವರ್ಷದ ವಿಸ್ತರಣೆ ಸಿಕ್ಕಿದ ಮೇಲೆ ರೀ-ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ವಿಸ್ತರಣೆ ಅಲ್ಲಿಗೇ ಮುಗಿಯಿತು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು ಮೊದಲೇ 3,800ರದ್ದನ್ನು ಮಾಡಿಸಿಟ್ಟುಕೊಳ್ಳಿ. ರಾತ್ರಿ ಊರಿಂದ ಫೋನ್ ಬಂದರೆ ಬೆಳಗಿನ ಬೆಂಗಳೂರು ವಿಮಾನ ಹತ್ತುವುದಕ್ಕೆ ಈ ಕಾಗದ ಅಡ್ಡ ಬರಬಾರದು.

ಇನ್ನು ಟಿಎಂ 30. ವಿದೇಶಿಯರು ಮನೆಗೆ ಬಂದು ಉಳಿದ 24 ಗಂಟೆಯೊಳಗೆ ಮನೆಯ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಜವಾಬ್ದಾರಿ ಅವರದೇ. ಆದರೆ ಅದರ ರಸೀದಿ ಇಲ್ಲದೆ ನಿಮ್ಮ ವಿಸ್ತರಣೆಯೇ ನಿಂತುಹೋಗಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ, ಟಿಎಂ 30 ಮಾಡಿಕೊಡುತ್ತೀರಾ ಎಂದು ಕೇಳಿ. ಅನುಮಾನ ಕಂಡರೆ ಬೇರೆ ಮನೆ ನೋಡಿ. ಊರಿಂದ ಅತ್ತೆ ಮಾವ ಬಂದು ಉಳಿದರೂ ಈ ನಿಯಮ ಇದೆ.

ಹೆಂಡತಿ ಮಕ್ಕಳು ನಿಮ್ಮ ಆಧಾರದ ಮೇಲೆ ನಾನ್-ಇಮಿಗ್ರಂಟ್ ಓ ವೀಸಾದಲ್ಲಿರುತ್ತಾರೆ. ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಬೇಕೇ ಬೇಕು. ಕಲ್ಯಾಣ ಮಂಟಪದ ಫೋಟೋ, ಲಗ್ನಪತ್ರಿಕೆ ಇಲ್ಲಿ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸಿರದಿದ್ದರೆ ಊರು ಬಿಡುವ ಮುಂಚೆ ಆ ಕೆಲಸ ಮುಗಿಸಿ. ಈ ಪತ್ರಗಳ ದೃಢೀಕರಣವನ್ನೂ ಅಲ್ಲೇ ಮಾಡಿಸಿ ತನ್ನಿ. ದೂರದಿಂದ ತಮ್ಮನನ್ನೋ ಭಾವನನ್ನೋ ಅಲೆದಾಡಿಸುವುದು ಬಹಳ ಕಷ್ಟ. ಹೆಸರೂ ಅಷ್ಟೇ. ನಮ್ಮಲ್ಲಿ ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ಬ್ಯಾಂಕ್ ಪುಸ್ತಕ, ವರ್ಕ್ ಪರ್ಮಿಟ್, ಮನೆ ಕರಾರು ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿ.

ನಿವೃತ್ತಿಯ ಆಧಾರದ ಮೇಲೆ ಇರಬೇಕೆಂದರೆ 50 ವರ್ಷ ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು.

ಬ್ಯಾಂಕಾಕಿನ ಮುಖ್ಯ ಕಚೇರಿ ಚೇಂಗ್ ವತ್ಥನದ ಸರ್ಕಾರಿ ಸಂಕೀರ್ಣದಲ್ಲಿದೆ. ಆ ರಸ್ತೆಗುಂಟ ಈಗ ಪಿಂಕ್ ಲೈನ್ ಮೊನೊರೈಲು ಇದೆ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಊಟದ ಬಿಡುವು ಇರುತ್ತದೆ. 4x6 ಸೆಂಟಿಮೀಟರಿನ ಫೋಟೋ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯೊಂದಕ್ಕೂ ಸಹಿ ಹಾಕಿ. ಥಾಯ್ ಕಾಗದದಲ್ಲಿ ಇಸವಿ 2568 ಎಂದು ಕಂಡರೆ ಗಾಬರಿ ಬೇಡ, 543 ಕಳೆದರೆ ನಮ್ಮ 2025. ಅಧಿಕಾರಿಗಳ ಹತ್ತಿರ ದನಿ ಏರಿಸಬೇಡಿ. ಇಲ್ಲಿನವರು ಅದನ್ನು ದೊಡ್ಡ ಅವಮಾನ ಅಂತ ತಿಳಿಯುತ್ತಾರೆ.

ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000. ದುಡ್ಡಿನ ಮಾತು ಹೋಗಲಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ಮೀರಿದ್ದು ಒಂದು ವರ್ಷಕ್ಕಿಂತ ಕಡಿಮೆಯಾದರೂ 5 ವರ್ಷ ದೇಶದೊಳಗೆ ಬಿಡುವುದಿಲ್ಲ. 2016ರಿಂದ ಈ ನಿಯಮ ಇದೆ. "ಎರಡು ದಿನ ತಾನೆ, ಏನೂ ಆಗಲ್ಲ" ಅನ್ನುವವರ ಮಾತು ಕೇಳಬೇಡಿ.

ನನಗೆ ಜಾಸ್ತಿ ಚಿಂತೆ ಕೆಲಸ ಬದಲಿಸುವವರದ್ದು. ಇಲ್ಲಿ ಕೆಲಸ ಬಿಟ್ಟ ದಿನವೇ ಅದರ ಮೇಲೆ ಸಿಕ್ಕ ವಿಸ್ತರಣೆಯೂ ಹೋಗುತ್ತದೆ, ಹೆಂಡತಿ ಮಕ್ಕಳದ್ದೂ ಅದರ ಜೊತೆಗೇ. ಮೊಹರಿನಲ್ಲಿ ಇನ್ನೂ ಆರು ತಿಂಗಳಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ರಾಜೀನಾಮೆ ಕೊಡುವ ಮುಂಚೆ ಹಳೆಯ ಕಂಪನಿ, ಹೊಸ ಕಂಪನಿ ಎರಡರ ಹತ್ತಿರವೂ ಕೊನೆಯ ದಿನ ಯಾವುದು, ರದ್ದತಿ ಯಾವತ್ತು, ಹೊಸ ಅರ್ಜಿ ಯಾವತ್ತು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಮಕ್ಕಳ ಪರೀಕ್ಷೆಯ ಸಮಯವಾಗಿದ್ದರೆ ಕೊನೆಯ ದಿನವನ್ನು ಮುಂದಕ್ಕೆ ಹಾಕಿಸಿಕೊಳ್ಳಲು ನೋಡಿ. ಆ ತಾರೀಖುಗಳು ಕೈಗೆ ಬರುವವರೆಗೆ ರಾಜೀನಾಮೆ ಪತ್ರ ಕಳಿಸಬೇಡಿ.