ಅಂಗಡಿ ಕೊಟ್ಟ ಮೇಲೂ ಬಾಡಿಗೆ ಬೆನ್ನು ಹತ್ತದಿರಲು

ಬ್ರ್ಯಾಂಡ್ ಕಂಪನಿಯೊಂದರ ಹೆಸರಿನಲ್ಲಿ ನಡೆಸುವ ಫ್ರಾಂಚೈಸಿ ಅಂಗಡಿ ಮಾರುವವರು ಆ ಕಂಪನಿ ಹೂಂ ಅಂದದ್ದೇ ತಡ, ಮುಂಗಡ ಹಿಡಿದುಬಿಡುತ್ತಾರೆ. ಕಟ್ಟಡದ ಮಾಲೀಕರ ನೆನಪಾಗುವುದು ಆಮೇಲೆ. ಕೊಳ್ಳುವವರ ಅವಸರ ಕಂಡ ಮಾಲೀಕರು ಬಾಡಿಗೆ ಏರಿಸುತ್ತಾರೆ. ಇದನ್ನು ತಪ್ಪಿಸಬೇಕಾದದ್ದು ಮಾರುವ ದಿನವಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ.

ಹೆಜ್ಜೆ 1: ಎರಡೂ ಕರಾರುಗಳ ಅವಧಿ ಹೊಂದಿಸಿ. ಫ್ರಾಂಚೈಸಿ 10 ವರ್ಷಕ್ಕೆ, ಮಳಿಗೆ 5 ವರ್ಷಕ್ಕೆ ಆದರೆ ಉಳಿದ ಕಾಲ ಬೋರ್ಡ್ ಎಲ್ಲಿ ಹಾಕುತ್ತೀರಿ?

ಹೆಜ್ಜೆ 2: ಹಸ್ತಾಂತರವೋ ಒಳಬಾಡಿಗೆಯೋ ತೀರ್ಮಾನಿಸಿ. ಹಸ್ತಾಂತರದಲ್ಲಿ ಹೊಸಬರು ನಿಮ್ಮ ಜಾಗಕ್ಕೆ ಬಂದು ನೇರ ಮಾಲೀಕರಿಗೇ ಬಾಡಿಗೆ ಕೊಡುತ್ತಾರೆ. ಒಳಬಾಡಿಗೆಯಲ್ಲಿ ಮಾಲೀಕರ ಲೆಕ್ಕಕ್ಕೆ ಬಾಡಿಗೆದಾರರು ನೀವೇ; ಒಳಗಿದ್ದವರು ಕೈಕೊಟ್ಟರೆ ನೀವು ಕಟ್ಟಬೇಕು. ಪೂರ್ತಿ ಬಿಟ್ಟು ಹೋಗುವವರು ಒಳಬಾಡಿಗೆಯ ತಂಟೆಗೆ ಹೋಗಲೇಬೇಡಿ.

ಹೆಜ್ಜೆ 3: ಒಪ್ಪಿಗೆಯ ಕಲಂ. ಎಲ್ಲರೂ ಎಡವುವುದು ಇಲ್ಲೇ. 'ಮಾಲೀಕರ ಲಿಖಿತ ಒಪ್ಪಿಗೆ ಬೇಕು' ಎಂದಷ್ಟೇ ಇದ್ದರೆ ಒಪ್ಪದಿರಲು ಅವರು ಕಾರಣ ಕೊಡಬೇಕೇ ಎಂಬುದಕ್ಕೆ ಒಂದೊಂದು ದೇಶದ ಕಾನೂನು ಒಂದೊಂದು ಉತ್ತರ ಹೇಳುತ್ತದೆ. ಆ ಗೊಡವೆಯೇ ಬೇಡ. 'ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ, ತಡಮಾಡುವಂತಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ' ಎಂದು ಬರೆಸಿ. ಕಂಪನಿ ಒಪ್ಪಿದ ಹೊಸ ಫ್ರಾಂಚೈಸಿದಾರರಿಗೆ ಪ್ರತ್ಯೇಕ ಒಪ್ಪಿಗೆಯೇ ಬೇಡ ಎಂದು ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇದೇ ಕಲಂನಲ್ಲಿ ಎರಡು ಗುಂಡಿಗಳಿರುತ್ತವೆ. ಹಸ್ತಾಂತರಕ್ಕೆ ಅನುಮತಿ ಕೇಳಿದೊಡನೆ ಮಳಿಗೆ ವಾಪಸ್ ಪಡೆಯುವ ಹಕ್ಕು ಮಾಲೀಕರಿಗಿದ್ದರೆ, ಪತ್ರ ಬರೆದ ತಪ್ಪಿಗೆ ಅಂಗಡಿಯೇ ಹೋಗುತ್ತದೆ. ಅಂಗಡಿ ನಡೆಸುವ ನಿಮ್ಮ ಸಂಸ್ಥೆಯ ಷೇರು ಕೈಬದಲಾಗುವುದೂ ಹಸ್ತಾಂತರವೇ ಎಂದಿದ್ದರೆ, ಪಾಲುದಾರರೊಬ್ಬರು ಹೊರನಡೆದರೂ ಅನುಮತಿ ಬೇಕಾದೀತು. ಮೊದಲನೆಯದನ್ನು ಹೊಡೆದುಹಾಕಿಸಿ, ಎರಡನೆಯದರಿಂದ ಮನೆಮಂದಿಯ ನಡುವಿನ ವರ್ಗಾವಣೆಯನ್ನಾದರೂ ಹೊರಗಿಡಿಸಿ.

ಒಪ್ಪಿಗೆ ಬಂತೆಂದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ. 'ಈ ದಿನದ ನಂತರದ ಬಾಡಿಗೆಗೆ ಹಳೆಯ ಬಾಡಿಗೆದಾರರೂ ಅವರ ಜಾಮೀನುದಾರರೂ ಹೊಣೆಯಲ್ಲ' ಎಂಬ ಬಿಡುಗಡೆ ಪತ್ರ ಬೇರೆಯೇ ಬೇಕು. ಮಾಲೀಕರು ಜಗ್ಗದಿದ್ದರೆ ಹೊಣೆಯನ್ನು ಒಂದು ವರ್ಷಕ್ಕೆ ಮಿತಿಗೊಳಿಸಿ. ಬಾಡಿಗೆ ಬಾಕಿಯಾದರೆ ನಿಮಗೂ ನೋಟಿಸ್ ಬರುವಂತೆ ಮಾಡಿಕೊಳ್ಳಿ. ಅಂತರ್ಜಾಲದಿಂದ ಇಳಿಸಿದ ಸಿದ್ಧ ನಮೂನೆ ತುಂಬಿ ವಕೀಲರ ಫೀಸು ಉಳಿಸಿದೆವು ಎನ್ನುವವರು ಬಿಟ್ಟಿರುವುದು ಸಾಮಾನ್ಯವಾಗಿ ಈ ಪತ್ರವನ್ನೇ.

ಹೆಜ್ಜೆ 4: ಕಂಪನಿಯ ಹಕ್ಕು. ಫ್ರಾಂಚೈಸಿ ರದ್ದಾದರೆ ಮಳಿಗೆಯನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನು ಕಂಪನಿ ಬಾಡಿಗೆ ಕರಾರಿನ ಅನುಬಂಧದಲ್ಲಿ ಕೇಳುತ್ತದೆ. ಕೊಡಿ, ಆದರೆ ಒಳಬಂದ ದಿನದಿಂದ ಬಾಡಿಗೆ ಅದರದ್ದೇ ಎಂದಿರಲಿ. ಅನುಬಂಧಕ್ಕೆ ಮಾಲೀಕರ ಸಹಿಯೂ ಇರಬೇಕು, ಇಲ್ಲವಾದರೆ ಅದು ಅವರನ್ನು ಕಟ್ಟಿಹಾಕುವುದಿಲ್ಲ.

ಕಂಪನಿಯೇ ಮಳಿಗೆ ಹಿಡಿದು ನಿಮಗೆ ಒಳಬಾಡಿಗೆಗೆ ಕೊಡುವುದಾದರೆ ಲೆಕ್ಕ ತಿರುಗುಮುರುಗು. ರಾಯಲ್ಟಿ (ಬ್ರ್ಯಾಂಡ್ ಬಳಸುವುದಕ್ಕೆ ಕಂಪನಿಗೆ ಕಟ್ಟುವ ಹಣ) ತಪ್ಪಿದರೆ ಮಳಿಗೆಯೂ ಹೋಗುತ್ತದೆಯೇ ನೋಡಿ. ಕಂಪನಿ ಬಾಡಿಗೆ ಕಟ್ಟದಿದ್ದರೂ ನಿಮ್ಮನ್ನು ಎಬ್ಬಿಸುವುದಿಲ್ಲವೆಂದು ಮಾಲೀಕರಿಂದ ಪತ್ರ ತನ್ನಿ.

ಹೆಜ್ಜೆ 5: ನೀವು, ಕೊಳ್ಳುವವರು, ಮಾಲೀಕರು, ಕಂಪನಿ ಒಂದೇ ದಿನ ಸಹಿ ಹಾಕಿ. ಠೇವಣಿ ಹಣ ಯಾರಿಗೆ ಸೇರಬೇಕೆಂಬುದೂ ಆ ಕಾಗದದಲ್ಲೇ ಇರಲಿ. ನಾಲ್ಕೂ ಸಹಿ ಬೀಳುವ ತನಕ ಬೀಗದಕೈ ನಿಮ್ಮ ಜೇಬಿನಲ್ಲೇ ಇರಲಿ.