ಕ್ಯಾಚರ್ ಯಾಕೆ ಓಡಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ನಾನು ಬೇಸ್‌ಬಾಲ್ ಕಲಿಸುತ್ತೇನೆ. ಕ್ರಿಕೆಟ್ ಆಡಿ ಬೆಳೆದ ನನಗೆ ಈ ಆಟದ ಹುಚ್ಚು ಹತ್ತಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಕನ್ ಡೈಮಂಡ್ ಮೈದಾನದಲ್ಲಿ. ಪಕ್ಕದ ಫುಟ್‌ಬಾಲ್ ಸ್ಟೇಡಿಯಂ ಕಟ್ಟಲು ಮಣ್ಣು ಅಗೆದ ತಗ್ಗಿನಲ್ಲೇ ಈ ಮೈದಾನ ಇದೆ. ಅದಕ್ಕೇ ಸಂಕನ್, ಅಂದರೆ ತಗ್ಗಿನದು, ಎಂಬ ಹೆಸರು.

ಅಲ್ಲಿ ಮಾರ್ಕ್ ಮಾರ್ಕ್ವೆಸ್ ಕೋಚ್ ಆಗಿದ್ದರು. ಅಲ್ಲೇ ಓದಿ, ಅಲ್ಲೇ ಆಡಿ, 1977ರಿಂದ 2017ರವರೆಗೆ 41 ಸೀಸನ್ ಅದೇ ತಂಡಕ್ಕೆ ಮುಖ್ಯ ಕೋಚ್. 1,627 ಗೆಲುವು. 1987, 1988ರಲ್ಲಿ ಸತತವಾಗಿ ರಾಷ್ಟ್ರೀಯ ಚಾಂಪಿಯನ್. ಬೇಸ್‌ಬಾಲ್‌ನಲ್ಲಿ ಕೋಚ್ ಕೂಡ ಆಟಗಾರರ ಸಮವಸ್ತ್ರವನ್ನೇ ತೊಡುತ್ತಾರೆ. ಇವರ ಬೆನ್ನ ಮೇಲೆ 9 ಇರುತ್ತಿತ್ತು.

ನಾನು ಸ್ಕೋರ್‌ಬುಕ್ ಹಿಡಿದು ಕೂರುತ್ತಿದ್ದೆ. ಪ್ರತಿ ಜಾಗಕ್ಕೂ ಒಂದು ಅಂಕಿ. ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ವಿಕೆಟ್‌ಕೀಪರ್‌ನಂತೆ ಕೂರುವ ಕ್ಯಾಚರ್ 2, ಬ್ಯಾಟರ್ ಹೊಡೆದ ಮೇಲೆ ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸ್ ಕಾಯುವವನು 3, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಶಾರ್ಟ್‌ಸ್ಟಾಪ್ ಚೆಂಡು ಎತ್ತಿ, ಬ್ಯಾಟರ್ ತಲುಪುವ ಮೊದಲೇ ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ಬರೆಯುವುದು ಇಷ್ಟೇ. ಆದರೆ ಬೇಸ್‌ಗಳಲ್ಲಿ ಓಟಗಾರರು ಯಾರೂ ಇಲ್ಲದಾಗ, ಅದೇ ಹೊತ್ತಿಗೆ ಕ್ಯಾಚರ್ ಪ್ಯಾಡ್ ಸಮೇತ ಫಸ್ಟ್ ಬೇಸ್ ಹಿಂದಕ್ಕೆ ಓಡುತ್ತಿರುತ್ತಾನೆ. ಎಸೆತ ತಪ್ಪಿದರೆ ಚೆಂಡು ತಡೆಯಬೇಕಲ್ವಾ? ಎಸೆತ ಹೆಚ್ಚಾಗಿ ಸರಿಯಾಗೇ ಬರುತ್ತದೆ. ಅವನು ಸುಮ್ನೆ ವಾಪಸ್ ಬರುತ್ತಾನೆ. ಆ ಓಟಕ್ಕೆ ಪುಸ್ತಕದಲ್ಲಿ ಗುರುತೇ ಇಲ್ಲ.

ಕಾಲೇಜು ತಂಡದಲ್ಲಿ ಹುಡುಗರು ನಿಲ್ಲುವುದು ಮೂರ್ನಾಲ್ಕು ವರ್ಷ. ಒಳ್ಳೆಯವರು ಇನ್ನೂ ಬೇಗ ಹೋಗುತ್ತಾರೆ. 1988ರ ತಂಡದಲ್ಲಿದ್ದ ಮೈಕ್ ಮುಸೀನಾ 1990ಕ್ಕೆಲ್ಲ ವೃತ್ತಿಪರ ಆಟಕ್ಕೆ ಹೋಗಿಯಾಗಿತ್ತು. ನಾನು ಅಲ್ಲಿ ಕೂತ ವರ್ಷಗಳಲ್ಲೂ ಎಷ್ಟೋ ಕ್ಯಾಚರ್‌ಗಳು ಬಂದು ಹೋದರು. ಆ ಓಟ ಮಾತ್ರ ನಿಲ್ಲಲಿಲ್ಲ. 41 ಸಲ ಹೊಸಬರಿಗೆ ಅದೇ ಮಾತು ಹೇಳಬೇಕಲ್ಲ, ಅದಕ್ಕೆಂಥ ತಾಳ್ಮೆ ಬೇಕು!

ನನ್ನ ತಂಡದಲ್ಲೂ ಪ್ರತಿ ವರ್ಷ ಹೊಸ ಮಕ್ಕಳು. ಮೊದಲ ದಿನ ಬ್ಯಾಟ್ ಕೊಡುವುದಿಲ್ಲ, ಈ ಓಟವನ್ನೇ ಹೇಳಿಕೊಡುತ್ತೇನೆ. ಎಲ್ಲರೂ ಸರದಿಯಲ್ಲಿ ಕ್ಯಾಚರ್ ಆಗಬೇಕು. ಮೊದಮೊದಲು ಮಕ್ಕಳು ಎರಡು ಸಲ ಓಡಿ ಬಿಟ್ಟುಬಿಡುತ್ತಿದ್ದರು. ಬೈದರೆ ಪ್ರಯೋಜನ ಆಗಲಿಲ್ಲ. ಆಮೇಲೆ ನನ್ನದೇ ಒಂದು ಗುರುತು ಮಾಡಿಕೊಂಡೆ. ಕ್ಯಾಚರ್ ಓಡಿದ್ದರೆ 6-3 ಪಕ್ಕದಲ್ಲಿ ಒಂದು ಪುಟ್ಟ ಕೊಕ್ಕೆ. ಆಟ ಮುಗಿದ ಕೂಡಲೇ ಮಕ್ಕಳು ಪುಸ್ತಕಕ್ಕೆ ಮುತ್ತಿಕೊಂಡು, "ಕೋಚ್, ನನ್ನದು ಎಷ್ಟು?" ಎನ್ನುತ್ತಾರೆ.

ಒಮ್ಮೆ ಕೊನೆಯ ಇನ್ನಿಂಗ್ಸ್‌ನಲ್ಲಿ ನಮ್ಮ ಶಾರ್ಟ್‌ಸ್ಟಾಪ್ ಎಸೆದ ಚೆಂಡು ಫಸ್ಟ್ ಬೇಸ್‌ನವನ ತಲೆ ಮೇಲೆ ಹಾರಿತು. ಅಲ್ಲಿ ನಮ್ಮ ಕ್ಯಾಚರ್ ಹುಡುಗಿ ನಿಂತಿದ್ದಳು. ಚೆಂಡು ಹಿಡಿದಳು. ಬ್ಯಾಟರ್ ಫಸ್ಟ್ ಬೇಸ್ ದಾಟಲಿಲ್ಲ. ಎಸೆತ ತಪ್ಪಿದ್ದಕ್ಕೆ ನಿಯಮದ ಪ್ರಕಾರ ಇ-6, ಅಂದರೆ ಶಾರ್ಟ್‌ಸ್ಟಾಪ್‌ನ ಎರರ್ (ತಪ್ಪು), ಎಂದು ಬರೆದೆ. ಪಕ್ಕದಲ್ಲಿ ಕೊಕ್ಕೆ ಹಾಕಿದೆ, ಸ್ವಲ್ಪ ದೊಡ್ಡದಾಗಿಯೇ.