ಬೀಜ ಬಿಟ್ಟು ಸೊಪ್ಪು ತಿನ್ನಲು ಸಾಕು ಗಿಣಿಯನ್ನು ಒಪ್ಪಿಸುವ ಬಗೆ

ತೋಟಗಳಲ್ಲಿ ಕೂಗಾಡುತ್ತಾ ಹಾರುವ ನಮ್ಮ ಹಸಿರು ಗಿಣಿಯನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮೈಸೂರಿನ ಮನೆಗಳಲ್ಲಿ ಸಾಕುವ, ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಗಿಣಿಯನ್ನು ಕುರಿತದ್ದು.

ನಮ್ಮ ಮನೆಗೆ ಬಂದಾಗ ಈ ಹಕ್ಕಿಗೆ ಗೊತ್ತಿದ್ದ ಊಟ ಸೂರ್ಯಕಾಂತಿ ಬೀಜವೊಂದೇ. ಆ ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಇರುತ್ತದೆ. ಎ ಜೀವಸತ್ವವಾಗಲಿ ಸುಣ್ಣದ ಅಂಶವಾಗಲಿ ಸಾಕಷ್ಟು ಇರುವುದಿಲ್ಲ. ವರ್ಷಗಟ್ಟಲೆ ಅದನ್ನೇ ತಿಂದ ಹಕ್ಕಿಯ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಮೂಗು ಬಾಯಿಗಳಿಗೆ ಸೋಂಕು ತಗಲುತ್ತದೆ, ಹೆಣ್ಣಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಬಟ್ಟಲಿಗೆ ಹಾಕಿದ ಕ್ಯಾರೆಟ್ಟನ್ನು ಗಿಣಿ ಮೂಸಿಯೂ ನೋಡದಿದ್ದರೆ ಅದನ್ನು ಹಟವೆಂದು ತಿಳಿಯಬಾರದು. ಯಾವುದು ತಿನ್ನುವ ವಸ್ತು ಎಂಬುದನ್ನು ಅದು ಮರಿಯಾಗಿದ್ದಾಗಲೇ ಕಲಿತಿರುತ್ತದೆ, ಕ್ಯಾರೆಟ್ ಆ ಪಟ್ಟಿಯಲ್ಲಿಲ್ಲ, ಅಷ್ಟೇ. ಹಸಿದರೆ ತಾನೇ ತಿನ್ನುತ್ತದೆ ಎಂದು ಬೀಜವನ್ನು ಒಮ್ಮೆಲೇ ನಿಲ್ಲಿಸುವವರಿದ್ದಾರೆ. ಇಷ್ಟು ಚಿಕ್ಕ ಹಕ್ಕಿ ಒಂದೆರಡು ದಿನದ ಉಪವಾಸಕ್ಕೇ ಸಾಯಬಹುದು. ಹಾಗಾಗಿ ಮೊದಲು ಬೇಕಾದದ್ದು ಗ್ರಾಂ ಲೆಕ್ಕ ತೋರಿಸುವ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ದಿನವೂ ಬೆಳಿಗ್ಗೆ ಊಟಕ್ಕೆ ಮುಂಚೆ ತೂಕ ನೋಡಿ ಬರೆದಿಡಬೇಕು. ತೊಂಬತ್ತು ಗ್ರಾಂ ಇದ್ದ ಹಕ್ಕಿ ಎಂಬತ್ತೊಂದಕ್ಕೆ ಇಳಿಯಿತೆಂದರೆ ಹತ್ತನೆಯ ಒಂದು ಪಾಲು ಹೋಯಿತೆಂದು ಅರ್ಥ. ಆಗ ಪ್ರಯೋಗವನ್ನು ನಿಲ್ಲಿಸಿ, ಹಳೆಯ ಊಟವನ್ನೇ ಕೊಟ್ಟು, ಪಶುವೈದ್ಯರಿಗೆ ತೋರಿಸಬೇಕು. ಹಿಕ್ಕೆ ಕಡಿಮೆಯಾದರೂ ಎಚ್ಚರ ವಹಿಸಬೇಕು.

ಗಿಣಿಗೆ ಹಸಿವು ಹೆಚ್ಚಾಗಿರುವುದು ಬೆಳಗಾದ ಕೂಡಲೇ. ಆರರಿಂದ ಎಂಟರವರೆಗೆ ಸೊಪ್ಪು ತರಕಾರಿ ಮಾತ್ರ ಇಟ್ಟು, ಆಮೇಲೆ ಅದನ್ನು ತೆಗೆದು ಬೀಜ ಕೊಡುವುದು ನಾವು ಅನುಸರಿಸಿದ ಕ್ರಮ. ದೇವರಾಜ ಮಾರುಕಟ್ಟೆಯಿಂದ ತಂದ ದಂಟಿನ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ನೀರು ತೊಟ್ಟಿಕ್ಕುತ್ತಿರುವಂತೆಯೇ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಕ್ಕಿ ಕೂರುವ ಕೋಲಿನ ಪಕ್ಕದಲ್ಲಿ ಸಿಕ್ಕಿಸಿದೆವು. ಎರಡು ದಿನ ಅದು ದೂರದಿಂದಲೇ ಜುಟ್ಟು ನಿಮಿರಿಸಿ ನೋಡಿತು. ಮೂರನೆಯ ದಿನ ಒದ್ದೆ ಎಲೆಗಳ ಮಧ್ಯೆ ನುಗ್ಗಿ, ರೆಕ್ಕೆ ಬಿಚ್ಚಿ ಸ್ನಾನ ಮಾಡಿ, ಸ್ನಾನದ ನಡುವೆ ಒಂದು ಎಲೆಯ ಅಂಚನ್ನು ಕಚ್ಚಿತು. ನುಗ್ಗೆ ಸೊಪ್ಪು, ಕೊತ್ತಂಬರಿ, ಬೇಯಿಸಿದ ಗೆಣಸು ಆಮೇಲೆ ಒಂದೊಂದಾಗಿ ಬಂದವು. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶ ಮೈಗೆ ಹತ್ತದಂತೆ ತಡೆಯುವುದರಿಂದ ಅದನ್ನು ಅಪರೂಪಕ್ಕೆ ಮಾತ್ರ ಕೊಡಬೇಕು.

ತರಕಾರಿಯನ್ನು ಬೀಜದಷ್ಟೇ ಸಣ್ಣಗೆ ಹೆಚ್ಚಿ, ಅದರ ಮೇಲೆ ನವಣೆ ಉದುರಿಸಿದರೆ ಕಾಳು ಹುಡುಕುವ ಕೊಕ್ಕಿಗೆ ತರಕಾರಿಯ ರುಚಿಯೂ ತಗಲುತ್ತದೆ. ಸಿಹಿಕುಂಬಳದ ತುರಿಗೆ ನವಣೆ ಬೆರೆಸಿಟ್ಟ ಒಂದು ವಾರಕ್ಕೆ ಕೊಕ್ಕಿನ ಸುತ್ತ ಕಿತ್ತಳೆ ಬಣ್ಣ ಮೆತ್ತಿಕೊಂಡಿದ್ದನ್ನು ಕಂಡೆವು. ಮಂಡ್ಯದ ಕಡೆಯ ನೆಂಟರಿದ್ದರೆ ಔಷಧಿ ಹೊಡೆಯದ ರಾಗಿ ತೆನೆಯನ್ನೂ ತರಿಸಿಕೊಳ್ಳಬಹುದು. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಮೊಳಕೆ ಕಟ್ಟಿದ ಹೆಸರುಕಾಳೂ ಒಳ್ಳೆಯದೇ, ಆದರೆ ಬೇಸಗೆಯಲ್ಲಿ ಬೇಗ ಹಳಸುವುದರಿಂದ ಎರಡು ಗಂಟೆಗೆ ಮೀರಿ ಪಂಜರದಲ್ಲಿ ಬಿಡಬಾರದು. ಪಂಜರದ ಎದುರು ಕುಳಿತು ನಾವೇ ಸೌತೆಕಾಯಿ ತಿಂದದ್ದೂ ಫಲ ಕೊಟ್ಟಿತು, ಏಕೆಂದರೆ ಗಿಣಿ ಗುಂಪಿನೊಡನೆ ಉಣ್ಣುವ ಪ್ರಾಣಿ.

ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ಸಂಜೆ ಬಟ್ಟಲು ತುಂಬಿದೆಯೆಂದು ಕಾಳು ಹಾಕಲಿಲ್ಲ. ಮರುದಿನ ತೂಕ ನಾಲ್ಕು ಗ್ರಾಂ ಇಳಿದಾಗ ಬಟ್ಟಲಿನ ಮೇಲೆ ಊದಿ ನೋಡಿದರೆ ಎಲ್ಲವೂ ಹಾರಿಹೋಯಿತು, ಅದರಲ್ಲಿದ್ದದ್ದು ಬರೀ ಹೊಟ್ಟು. ಅಂದಿನಿಂದ ದಿನಕ್ಕೆರಡು ಬಾರಿ ಹೊಟ್ಟು ಊದಿಯೇ ಕಾಳಿನ ಲೆಕ್ಕ ಹಿಡಿಯುತ್ತೇನೆ.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಸೇಬಿನ ಬೀಜ ಗಿಣಿಗೆ ವಿಷ. ಉಪ್ಪು ಹಾಕಿದ ಕುರುಕಲನ್ನೂ ಕೊಡಬಾರದು. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಪ್ರೀತಿಯಿಂದ ಕೊಡುವ ಹಿರಿಯರಿಗೆ ಇದನ್ನು ಹೇಳಿ ಒಪ್ಪಿಸುವುದು ಗಿಣಿಯನ್ನು ಒಪ್ಪಿಸುವುದಕ್ಕಿಂತ ಕಷ್ಟ. ನಮ್ಮತ್ತೆಯವರ ಕೈಗೆ ಬಿಸ್ಕತ್ತಿನ ಬದಲು ದಪ್ಪ ಮೆಣಸಿನಕಾಯಿಯ ಚೂರು ಬರುವ ಹೊತ್ತಿಗೆ ತಿಂಗಳು ಕಳೆದಿತ್ತು.

ಸೂರ್ಯಕಾಂತಿ ಬೀಜವನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ಈಗ ಅದು ಬಟ್ಟಲಿನಲ್ಲಿ ಇರುವುದಿಲ್ಲ. ಹಕ್ಕಿ ಕರೆದಾಗ ಕೈಮೇಲೆ ಬಂದು ಕೂತರೆ ಒಂದು, ತಕ್ಕಡಿ ಹತ್ತಿದರೆ ಇನ್ನೊಂದು.